ಪಿಂಕ್ ಫ್ಲಾಯ್ಡ್ ಎಲ್ಲಿಂದ ಶುರು ಮಾಡೋದು? ಯಾವ ಕಿವಿಗೆ ಯಾವ ಆಲ್ಬಮ್

"ಫ್ಲಾಯ್ಡ್ ಕೇಳ್ಬೇಕು ಅಂತಿದೀನಿ, ಯಾವ್ದರಿಂದ ಶುರು ಮಾಡ್ಲಿ?" ಅಂತ ಈ ಬ್ರಿಟಿಷ್ ರಾಕ್ ಬ್ಯಾಂಡಿನ ಬಗ್ಗೆ ಯಾರಾದ್ರೂ ಕೇಳಿದ್ರೆ ಸಾಕು, ಒಬ್ಬ ಡಾರ್ಕ್ ಸೈಡ್ ಅಂತಾನೆ, ಇನ್ನೊಬ್ಬ ಅದೆಲ್ಲ ಎಲ್ರೂ ಕೇಳಿರೋದು ಬಿಡು ಅನಿಮಲ್ಸ್ ಹಾಕು ಅಂತಾನೆ, ಮೂರನೆಯವನು ಬಂದು ಮೊದಲಿನ ಗಾಯಕ ಸಿಡ್ ಬ್ಯಾರೆಟ್ ಹೋದ್ಮೇಲೆ ಅದು ಫ್ಲಾಯ್ಡೇ ಅಲ್ಲ ಅಂತ ಜಗಳ ತೆಗೀತಾನೆ, ಅಷ್ಟೊತ್ತಿಗೆ ಕೇಳಿದವನು ಪಾಪ ಒಂದು ಹಾಡೂ ಕೇಳದೆ ಎದ್ದು ಹೋಗಿರ್ತಾನೆ. ಈ ಪ್ರಶ್ನೆ ನಂಗೂ ತಿಂಗಳಿಗೊಂದು ಸಲ ಬರುತ್ತೆ, ಪ್ರತಿ ಸಲ ಬೇರೆ ಬೇರೆ ಉತ್ತರ ಕೊಟ್ಟಿದೀನಿ, ಅದಕ್ಕೆ ಒಂದ್ಸಲ ಕೂತು ಸರಿಯಾಗಿ ಬರೆದುಬಿಡೋಣ ಅಂತ.

ನಾನು ಶುರು ಮಾಡಿದ್ದು ದ ವಾಲ್‌ನಿಂದ. ಅದೂ ಫೋನಲ್ಲಿ, ಶಫಲ್ ಆನ್ ಇಟ್ಕೊಂಡು. ಒಂದೂಕಾಲು ನಿಮಿಷದ ತುಣುಕೊಂದು ಬಂತು, ಆಮೇಲೆ ಯಾರೋ ಕಿರುಚಿದ್ರು, ಆಮೇಲೆ ಟಿವಿ ಸದ್ದು, ಆಮೇಲೆ ಕೋರ್ಟು ಸೀನು ಥರ ಏನೋ ಒಂದು, ಅದಾದ್ಮೇಲೆ ಮತ್ತೆ ಮೊದಲನೇ ಸೈಡಿನ ಹಾಡು. ಇದೇನಪ್ಪಾ ಈ ಬ್ಯಾಂಡಿಗೆ ಇಷ್ಟೊಂದು ಹೆಸರು ಅಂತ ಬೇಜಾರಾಗಿ ಎರಡು ವರ್ಷ ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಆಲ್ಬಮ್ಮಲ್ಲಿ ತಪ್ಪಿರ್ಲಿಲ್ಲ, ನಾನು ಕೇಳೋ ರೀತಿಗೆ ಅದು ಒಗ್ಗದ ಆಲ್ಬಮ್ಮು, ಅಷ್ಟೇ. ಹಾಗಾಗಿ "ಬೆಸ್ಟ್ ಯಾವುದು" ಅನ್ನೋ ಪಟ್ಟಿಗಳನ್ನ ಸದ್ಯಕ್ಕೆ ಪಕ್ಕಕ್ಕಿಡಿ, ಮೊದಲು ನೀವು ಹೇಗೆ ಕೇಳ್ತೀರ ಅಂತ ನೋಡ್ಕೊಳಿ.

ಮೊದಲು ಇಷ್ಟು ನೋಡ್ಕೊಳಿ

ಎಲ್ಲಕ್ಕಿಂತ ಮುಖ್ಯ, ಒಂದೇ ಸಲಕ್ಕೆ ಎಷ್ಟು ಹೊತ್ತು ಕೂರ್ತೀರ? ಇಪ್ಪತ್ತು ನಿಮಿಷನಾ, ಮುಕ್ಕಾಲು ಗಂಟೆನಾ, ಒಂದೂವರೆ ಗಂಟೆನಾ. ಕೆಲಸ ಮಾಡ್ತಾ ಹಿನ್ನೆಲೇಲಿ ಹಾಕ್ಕೊಳ್ಳೋದನ್ನ ಇಲ್ಲಿ ಲೆಕ್ಕಕ್ಕೆ ತಗೋಬೇಡಿ, ಹಿನ್ನೆಲೆಗೆ ಹಾಕಿದ್ರೆ ಫ್ಲಾಯ್ಡ್ ಒಂಥರಾ ಚೆನ್ನಾಗಿರೋ ಹೊಗೆ ಥರ ಅನ್ಸುತ್ತೆ, ಏನೂ ಕೈಗೆ ಸಿಗಲ್ಲ.

ಎರಡನೇದು, ನಿಮಗೆ ಪದ ಮುಖ್ಯನಾ ಸದ್ದು ಮುಖ್ಯನಾ. ಹಾಡು ಅಂದ್ರೆ ಸಾಹಿತ್ಯ ಅನ್ನೋ ಜನ ಇದಾರೆ, ಗಿಟಾರು ಅಳೋ ಥರ ನುಡಿಸಿದ್ರೆ ಸಾಕು ಪದ ಯಾರಿಗೆ ಬೇಕು ಅನ್ನೋರೂ ಇದಾರೆ, ಈ ಬ್ಯಾಂಡಲ್ಲಿ ಇಬ್ಬರಿಗೂ ಇದೆ ಆದ್ರೆ ಬೇರೆ ಬೇರೆ ಆಲ್ಬಮ್ಮಲ್ಲಿ. ಸುಮಾರಾಗಿ ಹೇಳೋದಾದ್ರೆ ಬಾಸ್ ನುಡಿಸಿ ಹಾಡು ಬರೆಯೋ ರಾಜರ್ ವಾಟರ್ಸ್ ಕೈ ಮೇಲಾದಷ್ಟೂ ಪದ ಮತ್ತು ಸಿಟ್ಟು ಜಾಸ್ತಿ, ಗಿಟಾರಿನ ಡೇವಿಡ್ ಗಿಲ್ಮೋರ್ ಮತ್ತು ಕೀಬೋರ್ಡಿನ ರಿಚರ್ಡ್ ರೈಟ್ ಕೈ ಮೇಲಾದಷ್ಟೂ ಸದ್ದು, ಗಾಳಿ, ನಿಧಾನ ಜಾಸ್ತಿ.

ಮೂರನೇದು ಬಿಡಿ ಹಾಡು ಕಿತ್ಕೊಂಡು ಪ್ಲೇಲಿಸ್ಟಿಗೆ ಹಾಕ್ಕೋಬಹುದಾ ಅನ್ನೋದು, ಕೆಲವು ಆಲ್ಬಮ್ಮಲ್ಲಿ ಆಗುತ್ತೆ ಕೆಲವದ್ರಲ್ಲಿ ಸುತಾರಾಂ ಆಗಲ್ಲ. ನಾಲ್ಕನೇದು ಮನಸ್ಸಿನ ಭಾರ. ಇದನ್ನ ಯಾರೂ ಹೇಳಲ್ಲ ಆದ್ರೆ ಹೇಳ್ಬೇಕು, ಈಗಾಗ್ಲೇ ಮೂಡು ಕೆಟ್ಟಿರೋ ವಾರದಲ್ಲಿ ದ ವಾಲ್ ಹಾಕ್ಕೊಂಡ್ರೆ ಗಾಯಕ್ಕೆ ಉಪ್ಪು ಸವರಿದ ಹಾಗೆ. ಕೊನೇದು ಖರ್ಚು ಮತ್ತು ಸಲಕರಣೆ, ಅದಕ್ಕೆ ಆಮೇಲೆ ಬರ್ತೀನಿ.

ಬ್ಯಾಂಡಿನ ಕಥೆ ನಾಲ್ಕು ಮಾತಲ್ಲಿ

ಗೊತ್ತಿರೋರು ಇದನ್ನ ಹಾರಿಸಿ. 1965ರಲ್ಲಿ ಲಂಡನ್ನಲ್ಲಿ ಶುರು, ಸಿಡ್ ಬ್ಯಾರೆಟ್, ರಾಜರ್ ವಾಟರ್ಸ್, ರಿಚರ್ಡ್ ರೈಟ್, ನಿಕ್ ಮೇಸನ್. ಮೊದಲ ಆಲ್ಬಮ್ 1967ರಲ್ಲಿ, ಹೆಚ್ಚುಕಮ್ಮಿ ಪೂರ್ತಿ ಸಿಡ್‌ದೇ. ಅವನ ಮಾನಸಿಕ ಸ್ಥಿತಿ ಹದಗೆಡ್ತಾ ಹೋಯ್ತು, ಗಿಲ್ಮೋರ್ ಬಂದ, 1968ರಲ್ಲಿ ಸಿಡ್ ಹೊರಗೆ. ಎಪ್ಪತ್ತರ ದಶಕದಲ್ಲಿ ಜಗತ್ತೇ ಕೇಳಿದ ಆಲ್ಬಮ್ಮುಗಳು. 1983ರ ಫೈನಲ್ ಕಟ್ ಆಲ್ಬಮ್ ಆದ್ಮೇಲೆ ವಾಟರ್ಸ್ ಹೊರಟ, ಕೋರ್ಟು ಕಚೇರಿ ಗಲಾಟೆ, ಆಮೇಲೆ ಗಿಲ್ಮೋರ್ ಮುಂದಾಳತ್ವದಲ್ಲಿ ಇನ್ನಷ್ಟು. ಅಂದ್ರೆ ಒಂದೇ ಹೆಸರಿನ ಕೆಳಗೆ ಮೂರು ಬ್ಯಾಂಡು ಇದೆ ಅಂದ್ಕೊಳಿ, ಸಿಡ್‌ದು, ವಾಟರ್ಸ್‌ದು, ಗಿಲ್ಮೋರ್‌ದು. ಜನ ಜಗಳ ಆಡೋದು ಅದಕ್ಕೇ, ಒಬ್ಬೊಬ್ಬರು ಒಂದೊಂದು ಬ್ಯಾಂಡಿನ ಬಗ್ಗೆ ಮಾತಾಡ್ತಿರ್ತಾರೆ.

ಡಾರ್ಕ್ ಸೈಡ್ ಆಫ್ ದ ಮೂನ್ (1973)

ಸುಮಾರು 43 ನಿಮಿಷ. ಎದೆಬಡಿತದಿಂದ ಶುರು, ಎದೆಬಡಿತದಲ್ಲೇ ಮುಗಿಯುತ್ತೆ, ನಡುವೆ ಹಾಡುಗಳು ಒಂದರೊಳಗೊಂದು ಸೇರ್ಕೊಂಡು ಹೋಗ್ತವೆ. ಕಾಲ, ದುಡ್ಡು, ಸಾವು, ತಲೆ ಕೆಡೋದು, ಇಷ್ಟೇ ವಿಷಯ, ಆದ್ರೆ ಪದಗಳು ಸರಳ, ಒಂದೆರಡು ಸಲ ಕೇಳಿದ್ರೆ ಹತ್ತಿರ ಬರ್ತವೆ. ಸದ್ದಿನ ಕಡೆ ನೋಡಿದ್ರೆ ಅಲನ್ ಪಾರ್ಸನ್ಸ್ ಎಂಜಿನಿಯರ್, ಟೈಮ್ ಹಾಡಿನ ಶುರುವಲ್ಲಿ ಗಡಿಯಾರಗಳೆಲ್ಲ ಒಟ್ಟಿಗೆ ಬಡ್ಕೊಳ್ತಾವಲ್ಲ, ಅದನ್ನ ಒಂದೊಂದೇ ಗಡಿಯಾರವಾಗಿ ರೆಕಾರ್ಡ್ ಮಾಡಿಟ್ಕೊಂಡಿದ್ದು ಅವನೇ. ರಾತ್ರಿ ಹೆಡ್‌ಫೋನಲ್ಲಿ ಜೋರಾಗಿಟ್ಕೊಂಡು ಕೇಳೋರೇ, ಎರಡು ನಿಮಿಷ ಮುಂಚೆನೇ ಎಚ್ಚರಿಕೆ ಕೊಟ್ಟಿದೀನಿ, ಆಮೇಲೆ ಬೈಬೇಡಿ.

ಮನಿ ಹಾಡಿನ ತಾಳ ಏಳು ಎಣಿಕೇದು. ಕಾಲು ಕುಣಿಸ್ತಾ ಕೇಳಿದ್ರೆ ಎಲ್ಲೋ ಒಂದು ಏಟು ತಪ್ಪಿದ ಹಾಗೆ ಅನ್ಸುತ್ತಲ್ಲ ಅದು ಅದಕ್ಕೇ, ಗಿಟಾರ್ ಸೋಲೋ ಬಂದಾಗ ಮಾತ್ರ ನಾಲ್ಕಕ್ಕೆ ಬದಲಾಗುತ್ತೆ, ಆವಾಗ ಹಾಡು ಒಮ್ಮೆಲೇ ಓಡೋಕೆ ಶುರು ಮಾಡುತ್ತೆ. ಹಾಗೇ ಮೊದಲನೇ ಸೈಡಿನ ಕೊನೆ ಹಾಡು ಗ್ರೇಟ್ ಗಿಗ್ ಇನ್ ದ ಸ್ಕೈ, ಹಿನ್ನೆಲೇಲಿ ಯಾರೋ ಆಡೋ ಒಂದೆರಡು ಮಾತು ಬಿಟ್ರೆ ಅದ್ರಲ್ಲಿ ಸಾಹಿತ್ಯನೇ ಇಲ್ಲ, ಕ್ಲೇರ್ ಟೋರಿ ಅನ್ನೋ ಗಾಯಕಿ ಬಂದು ಬರೀ ದನಿಯಲ್ಲಿ ಅತ್ತು ಕೂಗಿ ಸಮಾಧಾನ ಆಗಿ ಹೋಗ್ತಾಳೆ. ಎಷ್ಟೋ ವರ್ಷ ಅವಳನ್ನ ಬರೀ ಹಾಡುಗಾರ್ತಿ ಅಂತಷ್ಟೇ ನೋಡಿದ್ರು, ಕೊನೆಗೆ ಕೇಸು ಹಾಕಿ 2005ರಲ್ಲಿ ರಾಜಿ ಆಗಿ ರಚನೆಯಲ್ಲೂ ಅವಳ ಹೆಸರು ಬಂತು. ನ್ಯಾಯವಾಗೇ ಬಂತು ಅಂತೀನಿ, ಅವಳ ದನಿ ತೆಗೆದ್ರೆ ಆ ಹಾಡಲ್ಲಿ ಉಳಿಯೋದು ಬರೀ ಪಿಯಾನೋದ ಕಾರ್ಡ್ಸು.

ಅಮೆರಿಕದ ಬಿಲ್‌ಬೋರ್ಡ್ ಆಲ್ಬಮ್ ಚಾರ್ಟಲ್ಲಿ 1973ರಿಂದ 1988ರ ತನಕ 700ಕ್ಕೂ ಹೆಚ್ಚು ವಾರ ಕೂತಿದ್ದ ಆಲ್ಬಮ್ ಇದು, ಹಾಗಾಗಿ ಇದನ್ನ ಶಿಫಾರಸು ಮಾಡೋಕೆ ಯಾವ ಧೈರ್ಯನೂ ಬೇಕಿಲ್ಲ. ತೊಂದರೆ ಏನಂದ್ರೆ ಇದಕ್ಕೆ ಹೆಸರು ಜಾಸ್ತಿ. ಆ ಪ್ರಿಸಮ್ ಚಿತ್ರ ಟೀಶರ್ಟಲ್ಲಿ ನೋಡಿ ನೋಡಿ, ಆಕಾಶ ಕೆಳಗಿಳಿಯುತ್ತೆ ಅನ್ನೋ ಥರ ನಿರೀಕ್ಷೆ ಇಟ್ಕೊಂಡು ಕೂತ್ಕೊಂಡ್ರೆ ಮೊದಲ ಸಲ "ಹ್ಞಾ ಚೆನ್ನಾಗಿದೆ" ಅನ್ನೋದಷ್ಟೇ ಆಗುತ್ತೆ. ಇನ್ನೊಂದು, ಮೂರನೇ ಟ್ರ್ಯಾಕ್ ಆನ್ ದ ರನ್ ಪೂರ್ತಿ ಸಿಂಥಸೈಜರ್ ಓಟ, ಹಾಡು ಬೇಕು ಅನ್ನೋರು ಅಲ್ಲಿ ಕೈ ಬಿಡೋದು ನೋಡಿದೀನಿ. ಮೂರೂವರೆ ನಿಮಿಷ ತಡ್ಕೊಳಿ, ಆ ಕಡೆ ಟೈಮ್ ಇದೆ.

ಯಾರಿಗೆ ಅಂದ್ರೆ, ಮುಕ್ಕಾಲು ಗಂಟೆ ಇದೆ ಆದ್ರೆ ಒಂದೇ ಹಾಡು ಹದಿನೈದು ನಿಮಿಷ ಓಡೋದು ಬೇಡ ಅನ್ನೋರಿಗೆ. ಇಲ್ಲಿ ಯಾವ ಹಾಡೂ ಎಂಟು ನಿಮಿಷ ದಾಟಲ್ಲ.

ವಿಶ್ ಯು ವರ್ ಹಿಯರ್ (1975)

ನನ್ನ ಪಕ್ಷಪಾತ ಇಲ್ಲಿದೆ, ಮುಂಚೇನೇ ಹೇಳ್ಬಿಡ್ತೀನಿ. ಐದೇ ಟ್ರ್ಯಾಕು, ಸುಮಾರು 44 ನಿಮಿಷ. ಶೈನ್ ಆನ್ ಯು ಕ್ರೇಜಿ ಡೈಮಂಡ್ ಅನ್ನೋ ಒಂಬತ್ತು ಭಾಗದ ಹಾಡನ್ನ ಎರಡು ಹೋಳು ಮಾಡಿ ಆಲ್ಬಮ್ಮಿನ ಹಿಂದೆ ಮುಂದೆ ಇಟ್ಟಿದಾರೆ, ನಡುವೆ ಮೂರು ಹಾಡು.

ಇದರ ದೊಡ್ಡ ಪರೀಕ್ಷೆ ಶುರುವಲ್ಲೇ ಇದೆ. ಹಾಡೋ ದನಿ ಬರೋಕೆ ಎಂಟು ನಿಮಿಷಕ್ಕೂ ಜಾಸ್ತಿ ಹಿಡಿಯುತ್ತೆ. ಹೌದು, ಎಂಟು. ಮೊದಲು ಮಂಜು ಥರ ಕೀಬೋರ್ಡ್, ಅದರ ಮೇಲೆ ಗಿಲ್ಮೋರ್ ಗಿಟಾರ್ ಅವಸರನೇ ಇಲ್ಲದೆ, ಆಮೇಲೆ ಆ ನಾಲ್ಕು ಸ್ವರ. ನಾಲ್ಕೇ ಸ್ವರ, ಮತ್ತೆ ಸುಮ್ಮನೆ, ಮತ್ತೆ ನಾಲ್ಕು ಸ್ವರ. ಆಲಾಪ ಕೇಳಿ ಅಭ್ಯಾಸ ಇರೋರಿಗೆ ಇದು ಕಷ್ಟನೇ ಅಲ್ಲ, ರಾಗ ಬಿಚ್ಕೊಳ್ಳೋ ತನಕ ಕಾಯೋಕೆ ಬರುತ್ತೆ ಅವರಿಗೆ. ಮೂವತ್ತು ಸೆಕೆಂಡಲ್ಲಿ ಪಲ್ಲವಿ ಬರ್ಲಿಲ್ಲ ಅಂದ್ರೆ ಮುಂದಿನ ಹಾಡಿಗೆ ಹೋಗೋ ಬೆರಳಿಗೆ ಮಾತ್ರ ಇದು ಶಿಕ್ಷೆ.

ಹಾಡು ಯಾರ ಬಗ್ಗೆ ಅಂತ ಗೊತ್ತಿದ್ರೆ ತೂಕ ಬೇರೆ. ಬ್ಯಾಂಡಿಂದ ಹೊರಗೆ ಹೋದ ಸಿಡ್ ಬಗ್ಗೆ. ಇದರ ಕೆಲಸ ನಡೀತಿದ್ದಾಗ, 1975ರ ಜೂನ್ 5ರಂದು, ಅಬ್ಬೀ ರೋಡ್ ಸ್ಟುಡಿಯೋಗೆ ಒಬ್ಬ ದಪ್ಪ ಮನುಷ್ಯ ಬಂದು ಕೂತ, ತಲೆ ಬೋಳಿಸಿದ್ದ, ಹುಬ್ಬು ಕೂಡ ಬೋಳಿಸಿದ್ದ, ಸ್ವಲ್ಪ ಹೊತ್ತು ಯಾರಿಗೂ ಗುರುತೇ ಸಿಗ್ಲಿಲ್ಲ. ಅವನೇ ಸಿಡ್. ತನ್ನ ಬಗ್ಗೆ ಹಾಡು ಮಾಡ್ತಿರೋ ರೂಮಿಗೆ ತಾನೇ ಬಂದು ಕೂತಿದಾನೆ, ಜೊತೆಗೆ ಆಡಿ ಬೆಳೆದ ಗೆಳೆಯರಿಗೇ ಗುರುತಿಲ್ಲ. ಇದನ್ನ ಓದಿದ್ಮೇಲೆ ಆ ನಾಲ್ಕು ಸ್ವರ ಕೇಳಿದ್ರೆ ಗಂಟಲಲ್ಲಿ ಏನೋ ಸಿಕ್ಕಾಕ್ಕೊಳ್ಳುತ್ತೆ, ನಂಗಂತೂ ಈಗ್ಲೂ.

ಬಿಡಿ ಹಾಡಿನ ಲೆಕ್ಕಕ್ಕೆ ಬಂದ್ರೆ ಟೈಟಲ್ ಹಾಡನ್ನ ನೀವು ಈಗಾಗ್ಲೇ ಎಲ್ಲೋ ಯಾರೋ ಗಿಟಾರಲ್ಲಿ ನುಡಿಸಿದ್ದನ್ನ ಕೇಳೇ ಇರ್ತೀರ, ಗಿಟಾರ್ ಕಲಿಯೋರೆಲ್ಲ ಒಂದಲ್ಲ ಒಂದಿನ ಅದನ್ನ ನುಡಿಸ್ತಾರೆ. ಅದರ ಶುರು ಯಾಕೆ ಸಣ್ಣ ರೇಡಿಯೋದಿಂದ ಬಂದ ಹಾಗೆ ಕೇಳುತ್ತೆ ಅಂದ್ರೆ ಬೇಕಂತ್ಲೇ ಹಾಗೆ ಮಾಡಿದಾರೆ, ರೇಡಿಯೋ ಸ್ಟೇಷನ್ ತಿರುಗಿಸ್ತಾ ತಿರುಗಿಸ್ತಾ ಈ ಹಾಡು ಸಿಗುತ್ತೆ, ಇನ್ನೊಬ್ಬ ರೂಮಲ್ಲಿ ಕೂತು ಅದರ ಜೊತೆ ನುಡಿಸೋಕೆ ಶುರು ಮಾಡ್ತಾನೆ. ನಿಮ್ಮ ಹೆಡ್‌ಫೋನ್ ಕೆಟ್ಟಿಲ್ಲ, ಚೆಕ್ ಮಾಡ್ಬೇಡಿ. ಹ್ಯಾವ್ ಎ ಸಿಗಾರ್ ಹಾಡಿರೋದು ಬ್ಯಾಂಡಿನವರೇ ಅಲ್ಲ, ರಾಯ್ ಹಾರ್ಪರ್ ಅನ್ನೋ ಗಾಯಕ, ಮ್ಯೂಸಿಕ್ ಕಂಪನಿಗಳ ಸವಿಮಾತನ್ನ ಗೇಲಿ ಮಾಡೋ ಹಾಡು.

ಭಾವನೆ ಮುಖ್ಯ, ಗಿಟಾರ್ ಇಷ್ಟ, ಪದ ಸ್ವಲ್ಪ ಇದ್ರೆ ಸಾಕು, ತಾಳ್ಮೆ ಇದೆ ಅನ್ನೋರಿಗೆ ನಾನು ಡಾರ್ಕ್ ಸೈಡಿಗಿಂತ ಮೊದಲು ಇದನ್ನೇ ಕೊಡೋದು. ಡಾರ್ಕ್ ಸೈಡ್ ಹೆಚ್ಚು ಪರ್ಫೆಕ್ಟ್, ಒಪ್ತೀನಿ, ಆದ್ರೆ ಇದರಲ್ಲಿ ಮನುಷ್ಯರು ಕಾಣ್ತಾರೆ.

ಅನಿಮಲ್ಸ್ (1977)

ಇದನ್ನ ಮೊದಲ ಆಲ್ಬಮ್ಮಾಗಿ ಕೊಡೋರು ತಮ್ಮ ಟೇಸ್ಟು ತೋರಿಸ್ಕೊಳ್ಳೋಕೆ ಕೊಡ್ತಾರೆ ಅಂತ ನಂಗೊಂದು ಗುಮಾನಿ. ಅದ್ಭುತ ಆಲ್ಬಮ್, ಅದರ ಬಗ್ಗೆ ಎರಡು ಮಾತಿಲ್ಲ, ಆದ್ರೆ ಬಾಗಿಲು ಕಿರಿದು. 41-42 ನಿಮಿಷ, ಅದ್ರಲ್ಲಿ ಡಾಗ್ಸ್ ಒಂದೇ 17 ನಿಮಿಷ, ಪಿಗ್ಸ್ ಹನ್ನೊಂದರ ಮೇಲೆ, ಶೀಪ್ ಹತ್ತು, ಹಿಂದೆ ಮುಂದೆ ಒಂದೂವರೆ ನಿಮಿಷದ ಪುಟ್ಟ ಅಕೂಸ್ಟಿಕ್ ಹಾಡು. ಜನರನ್ನ ನಾಯಿ, ಹಂದಿ, ಕುರಿ ಅಂತ ವಿಂಗಡಿಸೋದು ಜಾರ್ಜ್ ಆರ್ವೆಲ್‌ನ ಅನಿಮಲ್ ಫಾರ್ಮ್ ಕಾದಂಬರಿಯಿಂದ ಬಂದಿರೋ ಐಡಿಯಾ, ಆದ್ರೆ ಅಲ್ಲಿ ಗುರಿ ಸ್ಟಾಲಿನ್ ಆಡಳಿತ, ಇಲ್ಲಿ ಗುರಿ ದುಡ್ಡಿನ ಹಿಂದೆ ಓಡೋ ಸಮಾಜ. ಸಿಟ್ಟು ಪೂರ್ತಿ ವಾಟರ್ಸ್‌ದು, ಗಿಟಾರು ಗಿಲ್ಮೋರ್‌ದು, ಮತ್ತೆ ಡಾಗ್ಸಲ್ಲಿ ಆ ಗಿಟಾರ್ ಏನಿದೆ, ಗುರೂ, ಅದೊಂದಕ್ಕೆ ಬೇರೇನೇ ಬರೀಬೇಕು.

ಕವರಲ್ಲಿ ಲಂಡನ್ನಿನ ಬ್ಯಾಟರ್‌ಸೀ ಪವರ್ ಸ್ಟೇಷನ್, ಅದರ ಚಿಮಣಿಗಳ ನಡುವೆ ತೇಲೋ ಹಂದಿ. 1976ರ ಡಿಸೆಂಬರಲ್ಲಿ ಫೋಟೋ ತೆಗೀತಿದ್ದಾಗ ಗಾಳಿ ತುಂಬಿದ ಆ ಹಂದಿ ಹಗ್ಗ ಕಿತ್ಕೊಂಡು ಹಾರಿ ಹೋಗಿ ಹೀಥ್ರೂ ವಿಮಾನಗಳ ದಾರಿಗೆ ಅಡ್ಡ ಬಂದು ಕೊನೆಗೆ ಕೆಂಟ್ ಕಡೆ ಎಲ್ಲೋ ಹೊಲದಲ್ಲಿ ಬಿತ್ತು, ಇದು ನಿಜ. ಇಷ್ಟು ಸಿಟ್ಟಿನ ಆಲ್ಬಮ್ಮಿಗೆ ಇಷ್ಟು ತಮಾಷೆ ಕಥೆ ಅಂಟ್ಕೊಂಡಿರೋದು ನಂಗೆ ಖುಷಿ.

ಪಂಕ್, ಮೆಟಲ್ ಕೇಳೋರು, ಹಾಡಲ್ಲಿ ಹಲ್ಲು ಇರ್ಬೇಕು ಅನ್ನೋರು, ಮೆತ್ತಗಿನ ಫ್ಲಾಯ್ಡ್ ಕಂಡ್ರೆ ಆಕಳಿಕೆ ಬರೋರು, ನೇರ ಇಲ್ಲಿಂದ್ಲೇ ಶುರು ಮಾಡಿ. ಉಳಿದವರು ಮೂರನೇದಾಗಿ ಕೇಳಿ. ಒಂದು ಟಿಪ್, 2022ರಲ್ಲಿ ಬಂದ "2018 ರಿಮಿಕ್ಸ್" ಅಂತ ಇರೋದನ್ನ ಹಾಕಿ, ಹಳೇದರಲ್ಲಿ ಡ್ರಮ್ಸು ಬಾಸು ಸ್ವಲ್ಪ ಮುಸುಕು ಹಾಕ್ಕೊಂಡ ಹಾಗೆ ಇತ್ತು, ಹೊಸದರಲ್ಲಿ ಬಿಡಿಸಿಟ್ಟಿದಾರೆ. ಹಳೇದರ ಕೊಳಕೇ ಚೆಂದ ಅನ್ನೋರೂ ಇದಾರೆ, ಅವರ ಜೊತೆ ನಾನು ವಾದಕ್ಕೆ ಇಳಿಯಲ್ಲ.

ದ ವಾಲ್ (1979)

26 ಟ್ರ್ಯಾಕು, 80 ನಿಮಿಷದ ಮೇಲೆ, ಡಬಲ್ ಆಲ್ಬಮ್, ಮತ್ತೆ ಶುರುವಿಂದ ಕೊನೇವರೆಗೂ ಒಂದೇ ಕಥೆ. ಪಿಂಕ್ ಅನ್ನೋ ರಾಕ್ ಸ್ಟಾರು, ಯುದ್ಧದಲ್ಲಿ ಸತ್ತ ಅಪ್ಪ, ಉಸಿರು ಕಟ್ಟಿಸೋ ಅಮ್ಮ, ಹೊಡೆಯೋ ಮೇಷ್ಟ್ರು, ಒಂದೊಂದೂ ಒಂದೊಂದು ಇಟ್ಟಿಗೆ, ಕೊನೆಗೆ ತನ್ನ ಸುತ್ತ ತಾನೇ ಗೋಡೆ ಕಟ್ಕೊಂಡು ಒಳಗೆ ಕೂತ್ಬಿಡ್ತಾನೆ. ವಾಟರ್ಸ್‌ನ ಸ್ವಂತ ಅಪ್ಪ ಎರಡನೇ ಮಹಾಯುದ್ಧದಲ್ಲಿ ಇಟಲೀಲಿ ತೀರ್ಕೊಂಡಿದ್ದ, ಹಾಗಾಗಿ ಇದು ಪೂರ್ತಿ ಕಲ್ಪನೆ ಅಲ್ಲ.

ಬಿಡಿ ಹಾಡಿನ ಆಸೆ ಇರೋರಿಗೆ ಇಲ್ಲೊಂದು ವಿಚಿತ್ರ ಇದೆ. ಬ್ಯಾಂಡಿನ ಅತಿ ಫೇಮಸ್ ಬಿಡಿ ಹಾಡುಗಳಲ್ಲಿ ಎರಡು ಇಲ್ಲೇ ಇವೆ, ಶಾಲೆ ಮಕ್ಕಳು ಒಟ್ಟಿಗೆ ಹಾಡೋ ಅನದರ್ ಬ್ರಿಕ್ ಇನ್ ದ ವಾಲ್ ಎರಡನೇ ಭಾಗ ಮತ್ತು ಕಂಫರ್ಟಬ್ಲಿ ನಂಬ್. ಮೊದಲನೇದು ಬ್ರಿಟನ್ ಅಮೆರಿಕ ಎರಡೂ ಕಡೆ ನಂಬರ್ ಒನ್ ಆಗಿತ್ತು, ಎರಡನೇದರ ಕೊನೆ ಗಿಟಾರ್ ಸೋಲೋ ಬಗ್ಗೆ ನಾನೇನು ಹೇಳೋದು, ಕೇಳಿ. ಆದ್ರೆ ಇವೆರಡನ್ನ ಕೇಳಿ ಖುಷಿ ಆಗಿ ಆಲ್ಬಮ್ ಪೂರ್ತಿ ಹೀಗೇ ಇರುತ್ತೆ ಅಂತ ಬಂದ್ರೆ ನನಗಾದ ಗತಿಯೇ ನಿಮಗೂ. ಉಳಿದ ಟ್ರ್ಯಾಕಲ್ಲಿ ಅರ್ಧಕ್ಕರ್ಧ ಕಥೆಯ ಕೊಂಡಿಗಳು, ನಾಟಕದ ಮಧ್ಯದ ಸೀನು ಥರ, ಬಿಡಿಯಾಗಿ ಅವಕ್ಕೆ ಕಾಲಿಲ್ಲ. ಶಫಲ್ ಅಂತೂ ಕೊಲೆ.

ಸಿನಿಮಾ ಥರ ಕೂತು ನೋಡೋ ಹಾಗೆ ಕೇಳೋರಿಗೆ, ಕಥೆ ಬೇಕು, ಸಾಹಿತ್ಯ ತೆರೆದಿಟ್ಕೊಂಡು ಸಾಲು ಸಾಲು ಓದ್ತಾ ಕೇಳ್ತೀನಿ ಅನ್ನೋರಿಗೆ ಇದಕ್ಕಿಂತ ದೊಡ್ಡ ಊಟ ಇಲ್ಲ. ಇಂಗ್ಲಿಷ್ ಉಚ್ಚಾರ ಕಿವಿಗೆ ಬೀಳೋದು ಕಷ್ಟ ಅನ್ನೋರು ಸಾಹಿತ್ಯ ಇಲ್ಲದೆ ಇದಕ್ಕೆ ಕೈ ಹಾಕ್ಬೇಡಿ, ಕಥೆ ತಪ್ಪಿದ್ರೆ ಆಲ್ಬಮ್ಮೇ ತಪ್ಪುತ್ತೆ. ಒಂದೇ ಸಲ ಆಗಲ್ಲ ಅಂದ್ರೆ ಮೊದಲ ಡಿಸ್ಕು ಒಂದಿನ ಎರಡನೇದು ಮರುದಿನ, ಗುಡ್‌ಬೈ ಕ್ರೂಯಲ್ ವರ್ಲ್ಡ್ ಆದ್ಮೇಲೆ ನಿಲ್ಲಿಸಿ, ಗೋಡೆ ಕಟ್ಟಿ ಮುಗಿಯೋದು ಅಲ್ಲೇ. ಭಾರದ ಬಗ್ಗೆ ಆಗ್ಲೇ ಹೇಳಿದೀನಿ, ಮನಸ್ಸು ಸರಿ ಇಲ್ಲದ ದಿನ ಬೇಡ.

ಮೆಡಲ್ (1971), ಮತ್ತೆ ಇನ್ನೆರಡು

ಮೆಡಲ್‌ಗೆ ಬರೋ ಕಾರಣ ಒಂದೇ, ಎಕೋಸ್. ಎರಡನೇ ಸೈಡು ಪೂರ್ತಿ ಅದೊಂದೇ ಹಾಡು, 23 ನಿಮಿಷದ ಮೇಲೆ. ನೀರೊಳಗಿಂದ ಬಂದ ಹಾಗೆ ಒಂದು ಟಿಂಗ್, ಅದು ರೈಟ್‌ನ ಪಿಯಾನೋ, ತಿರುಗೋ ಲೆಸ್ಲಿ ಸ್ಪೀಕರಿಂದ ಹಾಯಿಸಿರೋದು, ಅಷ್ಟರಿಂದ ಹಾಡು ಬೆಳೀತಾ ಹೋಗುತ್ತೆ. ನಡುವೆ ತಿಮಿಂಗಿಲ ಕೂಗಿದ ಹಾಗೆ ಒಂದು ಸದ್ದು ಬರುತ್ತಲ್ಲ, ಅದು ಗಿಲ್ಮೋರ್ ವಾ-ವಾ ಪೆಡಲ್ಲಿಗೆ (ಗಿಟಾರಿನ ಸದ್ದು ಬದಲಿಸೋಕೆ ಕಾಲಲ್ಲಿ ಒತ್ತೋದು) ವೈರ್ ಉಲ್ಟಾ ಸಿಕ್ಕಿಸಿದ್ದರಿಂದ ಹುಟ್ಟಿದ್ದು. ಗಿಲ್ಮೋರ್ ಮತ್ತು ರೈಟ್ ಇಬ್ಬರೂ ಒಟ್ಟಿಗೆ ಹಾಡ್ತಾರೆ, ಎರಡು ದನಿ ಒಂದೇ ದನಿ ಆಗಿರುತ್ತೆ. ಮೊದಲ ಸೈಡು ಮಾತ್ರ ಏರುಪೇರು, ಒಂದು ಹಾಡಲ್ಲಿ ನಾಯಿ ಊಳಿಡೋದೇ ಮುಖ್ಯ ದನಿ, ತಮಾಷೆಗೆ ಒಂದ್ಸಲ ಕೇಳಿ ಆಮೇಲೆ ಬಿಟ್ಬಿಡಿ. ದಿನಕ್ಕೆ ಇಪ್ಪತ್ತೈದು ನಿಮಿಷ ಅಷ್ಟೇ ನಂಗಿರೋದು ಅನ್ನೋರಿಗೆ ಎಕೋಸ್ ಒಂದೇ ಒಂದು ಪೂರ್ತಿ ಆಲ್ಬಮ್ ಕೇಳಿದಷ್ಟು ಕೊಡುತ್ತೆ. ಕಣ್ಣಿಗೂ ಏನಾದ್ರೂ ಬೇಕು ಅಂದ್ರೆ ಇಟಲಿಯ ಪಾಂಪೆಯಿ ಬಯಲು ರಂಗಮಂದಿರದಲ್ಲಿ ಪ್ರೇಕ್ಷಕರೇ ಇಲ್ಲದೆ ನುಡಿಸಿರೋ ಸಿನಿಮಾ ಇದೆ, 1972ರದ್ದು, ಅದ್ರಲ್ಲಿ ಎಕೋಸ್ ಎರಡು ಹೋಳಾಗಿ ಬರುತ್ತೆ. ಕಲ್ಲು, ಧೂಳು, ಬಿಸಿಲು, ನಾಲ್ಕು ಜನ, ಅಷ್ಟೇ. ಹುಡುಗರು ಇನ್ನೂ ಹುಡುಗರಾಗಿದ್ದ ಕಾಲ.

ಡಿವಿಷನ್ ಬೆಲ್ (1994) ಬಗ್ಗೆ ಹಳೇ ಅಭಿಮಾನಿಗಳು ಮೂಗು ಮುರೀತಾರೆ, ವಾಟರ್ಸ್ ಇಲ್ಲ ಅಂತ. ಇರ್ಲಿ. 66 ನಿಮಿಷ, ಸ್ವಲ್ಪ ಉದ್ದ ಆಯ್ತು, ನಡುವೆ ಮೂರು ಹಾಡು ಒಂದೇ ಥರ ಅನ್ಸುತ್ತೆ, ಆದ್ರೆ ಸದ್ದು ಸ್ವಚ್ಛ, ಹೊಸ ಕಾಲದ ಕಿವಿಗೆ ಹತ್ತಿರ, ಕೊನೆಯ ಹೈ ಹೋಪ್ಸ್ ಹಾಡಲ್ಲಿ ದೂರದ ಗಂಟೆ ಬಾರಿಸ್ತಾ ಇರೋದು ಕೇಳಿದ್ರೆ ಹಳೇ ದಿನ ನೆನಪಾಗದೇ ಇರಲ್ಲ. ಕೀಪ್ ಟಾಕಿಂಗ್‌ನಲ್ಲಿ ಸ್ಟೀಫನ್ ಹಾಕಿಂಗ್ ಅವರ ಯಂತ್ರದ ದನಿ ಇದೆ. ಹಳೇ ರೆಕಾರ್ಡಿಂಗಿನ ಸದ್ದು ಕೇಳಿದ್ರೆ ಆಗಲ್ಲ ಅನ್ನೋರು, ರಾತ್ರಿ ಲಾಂಗ್ ಡ್ರೈವಿಗೆ ಏನಾದ್ರೂ ಬೇಕು ಅನ್ನೋರು ಇಲ್ಲಿಂದ ಹಿಂದಕ್ಕೆ ಹೋಗಬಹುದು, ನನ್ನ ಪರಿಚಯದ ಒಬ್ಬರು ಹಾಗೇ ಹೋಗಿ ಈಗ ನನಗಿಂತ ಜಾಸ್ತಿ ತಿಳ್ಕೊಂಡಿದಾರೆ.

ಪೈಪರ್ ಅಟ್ ದ ಗೇಟ್ಸ್ ಆಫ್ ಡಾನ್ (1967) ಮೊದಲು ಕೇಳ್ಬೇಡಿ. ಅದು ಕೆಟ್ಟದು ಅಂತಲ್ಲ, ಬೀಟಲ್ಸ್ ಅದೇ ಕಟ್ಟಡದಲ್ಲಿ ಸಾರ್ಜೆಂಟ್ ಪೆಪ್ಪರ್ ಮಾಡ್ತಿದ್ದಾಗ ಇವರು ಪಕ್ಕದಲ್ಲಿ ಇದನ್ನ ರೆಕಾರ್ಡ್ ಮಾಡ್ತಿದ್ರು, ಆ ಕಾಲದ ಬಣ್ಣ, ಮಕ್ಕಳ ಕಥೆ, ಬಾಹ್ಯಾಕಾಶ ಎಲ್ಲ ಸೇರಿ ಚೆಲ್ಲಾಡುತ್ತೆ, ಆದ್ರೆ ಇದನ್ನ ಕೇಳಿ ಫ್ಲಾಯ್ಡ್ ಅಂದ್ರೆ ಇದು ಅಂದ್ಕೊಂಡ್ರೆ ಮುಂದಿನ ಯಾವ್ದೂ ಹಾಗಿರಲ್ಲ. ಅರವತ್ತರ ದಶಕದ ಸೈಕಡೆಲಿಕ್ ಪಾಪ್ ಈಗಾಗ್ಲೇ ಇಷ್ಟ ಅನ್ನೋರಿಗೆ ಮಾತ್ರ ಈ ಮಾತು ಅನ್ವಯ ಆಗಲ್ಲ.

ಕಲೆಕ್ಷನ್ ಆಲ್ಬಮ್ ಸಾಕಲ್ವಾ?

ಇದನ್ನೂ ಕೇಳ್ತಾರೆ. ಎಕೋಸ್ ಅನ್ನೋ ಹೆಸರಲ್ಲೇ 2001ರಲ್ಲಿ ಒಂದು ಬೆಸ್ಟ್ ಆಫ್ ಬಂತು, 26 ಹಾಡು. ಯಾವ ಕಾಲದ ದನಿ ನಿಮಗೆ ಒಗ್ಗುತ್ತೆ ಅಂತ ತಿಳ್ಕೊಳ್ಳೋಕೆ ಒಳ್ಳೇದು, ಸಿಡ್ ಕಾಲದ್ದೂ ಇದೆ ತೊಂಬತ್ತರದ್ದೂ ಇದೆ. ಆದ್ರೆ ಹಾಡುಗಳನ್ನ ಕಾಲದ ಕ್ರಮದಲ್ಲಿ ಇಟ್ಟಿಲ್ಲ, ಮತ್ತೆ ಉದ್ದದ್ದನ್ನ ಕತ್ತರಿಸಿದಾರೆ, ಎಕೋಸ್ ಹಾಡಿಗೇ ಕತ್ತರಿ ಬಿದ್ದಿದೆ, ಶೈನ್ ಆನ್‌ಗೂ. ಟ್ರೇಲರ್ ಅಂತ ನೋಡಿ, ಸಿನಿಮಾ ಅಂತ ಅಲ್ಲ.

ಯಾವುದ್ರಲ್ಲಿ ಕೇಳೋದು, ಎಷ್ಟು ಖರ್ಚು ಮಾಡೋದು

ದುಡ್ಡು ಖರ್ಚೇ ಮಾಡಲ್ಲ ಅಂದ್ರೆ ಫ್ರೀ ಸ್ಟ್ರೀಮಿಂಗ್ ಇದೆ, ಆದ್ರೆ ಹಾಡಿನ ನಡುವೆ ಜಾಹೀರಾತು ಬರೋ ಕಡೆ, ಬೇಕಾದ ಕ್ರಮದಲ್ಲಿ ಕೇಳೋಕೆ ಬಿಡದೇ ಇರೋ ಕಡೆ ಡಾರ್ಕ್ ಸೈಡ್, ದ ವಾಲ್ ಎರಡೂ ಹಾಳು. ಗ್ರೇಟ್ ಗಿಗ್ ಮುಗಿದು ಆ ದನಿ ಕರಗ್ತಿರ್ಬೇಕಾದ್ರೆ ಸೋಪಿನ ಜಾಹೀರಾತು ಬಂದ್ರೆ ಏನು ಮಾಡ್ತೀರ. ಅಂಥ ಪರಿಸ್ಥಿತೀಲಿ ಇರೋರು ಎಕೋಸ್ ಅಥವಾ ಡಾಗ್ಸ್ ಥರ ಒಂದೇ ಉದ್ದದ ಟ್ರ್ಯಾಕ್ ಆರಿಸ್ಕೊಳಿ, ನಡುವೆ ಕತ್ತರಿ ಬೀಳೋ ಸಂಭವ ಕಡಿಮೆ. ಒಂದು ತಿಂಗಳ ಚಂದಾ ಕಟ್ಟೋಕೆ ಆದ್ರೆ ಆ ತಿಂಗಳಲ್ಲೇ ನಾಲ್ಕೂ ದೊಡ್ಡ ಆಲ್ಬಮ್ ಕೇಳಿ ಮುಗಿಸಬಹುದು, ವಾರಕ್ಕೊಂದರ ಲೆಕ್ಕ.

ಆ್ಯಪಿನ ಸೆಟ್ಟಿಂಗಲ್ಲಿ ಶಫಲ್ ಆಫ್, ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಗೆ ಮುಂದಿನದರ ಶುರು ಬೆರೆಸೋದು) ಆಫ್, ಗ್ಯಾಪ್‌ಲೆಸ್ (ಹಾಡುಗಳ ನಡುವೆ ಮೌನ ಬಿಡದೇ ಇರೋದು) ಇದ್ರೆ ಆನ್. ಇದು ಸಣ್ಣ ವಿಷಯ ಅಲ್ಲ, ಹಾಡಿಂದ ಹಾಡಿಗೆ ಜಾರೋ ಜಾಗದಲ್ಲಿ ಅರ್ಧ ಸೆಕೆಂಡ್ ಮೌನ ಬಂದ್ರೂ ಕುರ್ಚಿಯಿಂದ ಬಿದ್ದ ಹಾಗೆ ಆಗುತ್ತೆ. ಮತ್ತೆ ಹುಡುಕುವಾಗ ಹೆಸರು ಪೂರ್ತಿ ಓದಿ, ಡಾರ್ಕ್ ಸೈಡ್ ಹೆಸರಿನ ಜೊತೆ "ರೀಡಕ್ಸ್" ಅಂತ ಇದ್ರೆ ಅದು 2023ರಲ್ಲಿ ವಾಟರ್ಸ್ ಒಬ್ಬನೇ ಮತ್ತೆ ಮಾಡಿದ್ದು, ಗಿಲ್ಮೋರ್ ಇಲ್ಲ, ಬಹಳಷ್ಟು ಕಡೆ ಮಾತಾಡ್ತಾನೆ. ಅದನ್ನ ಒರಿಜಿನಲ್ ಅಂದ್ಕೊಂಡು ಕೇಳಿ "ಇಷ್ಟೇನಾ" ಅಂದವರನ್ನ ನೋಡಿದೀನಿ.

ವಿನೈಲ್, ಅಂದ್ರೆ ಹಳೇ ಕಪ್ಪು ತಟ್ಟೆ ರೆಕಾರ್ಡು, ಕೇಳಿದ್ರೆ ಮಾತ್ರ ನಿಜವಾದ ಫ್ಲಾಯ್ಡ್ ಅನ್ನೋ ಮಾತಿಗೆ ತಲೆ ಕೆಡಿಸ್ಕೋಬೇಡಿ. ವಿನೈಲ್‌ನಲ್ಲಿ ಒಂದು ಸುಖ ಇದೆ, ಸೈಡು ಬದಲಾಯಿಸೋಕೆ ಏಳೋ ಆ ಅರ್ಧ ನಿಮಿಷ, ಗ್ರೇಟ್ ಗಿಗ್ ಆದ್ಮೇಲೆ ಮನಿಗೆ ಮುಂಚೆ ಆ ವಿರಾಮ ಸರಿಯಾಗಿ ಕೂರುತ್ತೆ, ಆಲ್ಬಮ್ ಕಟ್ಟಿದ್ದೂ ಹಾಗೇನೇ. ಆದ್ರೆ ಪ್ಲೇಯರು, ಸೂಜಿ, ಆಂಪ್ಲಿಫೈಯರು, ಸ್ಪೀಕರು ಅಂತ ಖರ್ಚು ಬೆಳೀತಾ ಹೋಗುತ್ತೆ, ಇನ್ನೂ ಬ್ಯಾಂಡು ಇಷ್ಟ ಆಗುತ್ತೋ ಇಲ್ವೋ ಗೊತ್ತಿಲ್ಲದಾಗ ಯಾಕೆ. ಮೊದಲ ದುಡ್ಡು ಒಂದು ಸಾಧಾರಣ ವೈರ್ ಇರೋ ಹೆಡ್‌ಫೋನಿಗೆ ಹಾಕಿ. ಎಡಕ್ಕೊಂದು ಬಲಕ್ಕೊಂದು ಸದ್ದು ಓಡಾಡೋದು, ಹಿಂದಿನಿಂದ ಯಾರೋ ಪಿಸುಗುಡೋದು, ಇದೆಲ್ಲ ಫೋನಿನ ಸ್ಪೀಕರಲ್ಲಿ ಸತ್ತೇ ಹೋಗುತ್ತೆ. ಹಳೇ ಸಿಡಿ ಪ್ಲೇಯರ್ ಮನೇಲಿ ಬಿದ್ದಿದ್ರೆ ಸೆಕೆಂಡ್ ಹ್ಯಾಂಡ್ ಸಿಡಿ ಒಳ್ಳೇ ದಾರಿ, ಜಾಹೀರಾತೂ ಇಲ್ಲ, ನೋಟಿಫಿಕೇಶನ್ನೂ ಇಲ್ಲ, ಸಾಹಿತ್ಯದ ಪುಸ್ತಕನೂ ಒಳಗೇ ಇರುತ್ತೆ, ದ ವಾಲ್‌ಗೆ ಅಂತೂ ಅದು ಬೇಕೇ ಬೇಕು.

ಸರಿ, ಎಲ್ಲ ಓದಿ ಇನ್ನೂ ಗೊಂದಲ ಇದ್ರೆ ಇಷ್ಟು ಮಾಡಿ. ಇವತ್ತು ರಾತ್ರಿ ಲೈಟ್ ಆರಿಸಿ ಶೈನ್ ಆನ್ ಮೊದಲ ಹೋಳು ಹಾಕಿ. ಆ ನಾಲ್ಕು ಸ್ವರ ಬರೋ ತನಕ, ಅಂದ್ರೆ ನಾಲ್ಕು ನಿಮಿಷದ ಆಸುಪಾಸು, ಫೋನ್ ಮುಟ್ಟದೆ ಕೂತ್ರೆ ಅದೇ ಆಲ್ಬಮ್ ಮುಂದುವರಿಸಿ. ಅಷ್ಟರೊಳಗೆ ಚಡಪಡಿಸಿದ್ರೆ ನಿಲ್ಲಿಸಿ, ಬೇಜಾರು ಮಾಡ್ಕೋಬೇಡಿ, ಡಾರ್ಕ್ ಸೈಡಿಗೆ ಹೋಗಿ. ನಿದ್ದೆ ಬಂದ್ರೆ ನಾಳೆ ಬೆಳಗ್ಗೆ ಎದ್ದು ಡಾಗ್ಸ್.